ನದಿ ನುಂಗುವ ಕಲ್ಲು, ಚಿಲುಮೆ ಉಕ್ಕಿಸುವ ಕಲ್ಲು

2022ರ ಫೆಬ್ರವರಿ ಎರಡನೆಯ ವಾರ ದಕ್ಷಿಣ ಕಾಶ್ಮೀರದ ಕೋಕರ್‌ನಾಗ್ ಬಳಿ, ವಂದೇವಲ್‌ಗಾಮ್ ಎಂಬ ಊರಿನಲ್ಲಿ, ಬ್ರಿಂಗಿ ಹೊಳೆ ನಡುದಾರಿಯಲ್ಲೇ ಮಾಯವಾಯಿತು. ಹೊಳೆಯ ಪಾತ್ರದಲ್ಲಿ ಕುಳಿಯೊಂದು ಬಾಯಿ ತೆರೆದು, ಬಂದಬಂದ ನೀರನ್ನೆಲ್ಲ ಒಳಗೆಳೆದುಕೊಳ್ಳತೊಡಗಿತು. ಕುಳಿಯ ಮೇಲಕ್ಕೆ ಭೋರ್ಗರೆವ ನೀರು, ಕೆಳಕ್ಕೆ ಬರೀ ಉರುಟುಗಲ್ಲು. ಕಿಲೋಮೀಟರುಗಟ್ಟಲೆ ಪಾತ್ರ ಒಣಗಿತು. ಕಲ್ಲಿನ ನಡುವಿನ ಗುಂಡಿಗಳಲ್ಲಿ ಸಿಕ್ಕಿಬಿದ್ದ ಟ್ರೌಟ್ ಮೀನುಗಳು ಸತ್ತವು. ನೋಡಲು ಜನ ಕಿಕ್ಕಿರಿದಾಗ ಆಡಳಿತ ಹತ್ತಿರ ಸುಳಿಯದಂತೆ ನಿರ್ಬಂಧ ಹೇರಿತು. ಭೂವಿಜ್ಞಾನಿಗಳು ಬಂದರು, ಕ್ಯಾಮೆರಾಗಳು ಬಂದವು, ನದಿಯನ್ನು ನೆಲ ನುಂಗಿತು ಎಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು.

ಆ ಕಣಿವೆಯವರಿಗೆ ಇದು ತೀರ ಹೊಸದೇನಲ್ಲ. ಕಾಶ್ಮೀರದಲ್ಲಿ ಕಂದಾಯ ಜಮೀನಿನ ಮೋಜಣಿ ನಡೆಸಿದ ವಾಲ್ಟರ್ ಲಾರೆನ್ಸ್ 1895ರಲ್ಲಿ ಪ್ರಕಟಿಸಿದ ಕಾಶ್ಮೀರ ಕಣಿವೆಯ ಪುಸ್ತಕದಲ್ಲಿ ಇದರ ಮಾತು ಬರುತ್ತದೆ. ಬ್ರಿಂಗಿ ಹೊಳೆಯ ಒಂದು ಪಾಲು ದೇವಲ್‌ಗಾಮ್ ಎಂಬಲ್ಲಿ ಬೆಟ್ಟದ ಬುಡದ ಬಿರುಕಿನೊಳಗೆ ಇಳಿದುಹೋಗುತ್ತದೆ, ಅದೇ ನೀರು ಬೆಟ್ಟದ ಆಚೆ ಬದಿಯ ಅಚಬಲ್‌ನಲ್ಲಿ ಚಿಲುಮೆಯಾಗಿ ಏಳುತ್ತದೆ ಎಂದು ಜನ ಹೇಳುತ್ತಿದ್ದರಂತೆ. ಪರೀಕ್ಷೆಗೆಂದು ಹೊಳೆ ಇಂಗುವ ಜಾಗದಲ್ಲಿ ರಾಶಿ ಹೊಟ್ಟು ಸುರಿದಾಗ ಅದು ಅಚಬಲ್‌ನಲ್ಲಿ ತೇಲಿಬಂತು ಎಂಬ ಹೇಳಿಕೆಯನ್ನೂ ಅವರು ದಾಖಲಿಸಿದ್ದಾರೆ. ಅಂದರೆ ಭೂಜಲಶಾಸ್ತ್ರದ ಪ್ರಯೋಗಾಲಯ ಆ ಕಡೆ ಸುಳಿಯುವ ಎಷ್ಟೋ ಮೊದಲು, ಭತ್ತ ಬೆಳೆಯುವ ರೈತರು ಕೈಗೆ ಸಿಕ್ಕ ಹೊಟ್ಟಿನಿಂದಲೇ ಕೇಳಬೇಕಾದ ಸರಿಯಾದ ಪ್ರಶ್ನೆ ಕೇಳಿದ್ದರು: ಇಲ್ಲಿ ಇಳಿದ ನೀರು ಎಲ್ಲಿ ಏಳುತ್ತದೆ?

ಸುಣ್ಣದಕಲ್ಲಿನ ಸೀಮೆಯಲ್ಲಿ ಎಲ್ಲವೂ ಈ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಚಿಲುಮೆಯ ನೀರು ಶುದ್ಧವೋ ಅಲ್ಲವೋ ಎಂಬುದು ಚಿಲುಮೆಯ ಬಾಯಲ್ಲಿ ತೀರ್ಮಾನವಾಗುವುದಿಲ್ಲ. ಅದು ತೀರ್ಮಾನವಾಗುವುದು ಬೆಟ್ಟದ ಆಚೆಗೆ, ನೀರು ಒಳಗಿಳಿಯುವ ಕಡೆ. ಚಿಲುಮೆಗೆ ನಾವು ಕಟ್ಟೆ ಕಟ್ಟುತ್ತೇವೆ, ತೋಟ ಮಾಡುತ್ತೇವೆ, ಕೈಮುಗಿಯುತ್ತೇವೆ. ನೀರು ಇಳಿಯುವ ಜಾಗದ ಹೆಸರು ಕೂಡ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಕಲ್ಲು ನೀರಿಗೆ ದಾರಿ ಬಿಡುವುದು ಹೇಗೆ? ಉತ್ತರಕ್ಕೆ ಕಾಶ್ಮೀರಕ್ಕೆ ಹೋಗಬೇಕಿಲ್ಲ. ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು, ಉತ್ತರ ಕರ್ನಾಟಕದವರು ಫರಸಿ ಎನ್ನುವ ಆ ಹಾಸುಗಲ್ಲು, ಸುಣ್ಣದಕಲ್ಲೇ. ಅದರ ಮೇಲೆ ನಿಂಬೆರಸವೋ ಹುಣಸೆನೀರೋ ಬಿದ್ದು ಒರೆಸದೆ ಉಳಿದರೆ ಅಲ್ಲೊಂದು ಮಾಸಲು ಗುರುತು ಕೂರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಕಲೆಯಲ್ಲ. ಕಲ್ಲಿನ ಮೇಲ್ಪದರವೇ ಅಷ್ಟು ಕರಗಿಹೋಗಿದೆ. ಸುಣ್ಣದಕಲ್ಲು ಹುಳಿಗೆ ಕರಗುತ್ತದೆ. ಮಳೆನೀರಿನಲ್ಲೂ ತುಸು ಹುಳಿಯಿದೆ. ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅದು ಹೀರಿಕೊಂಡಿರುತ್ತದೆ. ಮಣ್ಣಿಗಿಳಿದ ಮೇಲೆ ಇನ್ನೂ ಹೆಚ್ಚು ಸಿಗುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನೊಳಗಿನ ಗಾಳಿಯಲ್ಲಿ ಈ ಅನಿಲ ಹೊರಗಿನದಕ್ಕಿಂತ ಹತ್ತಾರು ಪಟ್ಟು ಇರುತ್ತದೆ. ಹೀಗೆ ನೀರು ದುರ್ಬಲವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ನೀರು ತಣ್ಣಗಿದ್ದಷ್ಟೂ ಹೆಚ್ಚು ಅನಿಲ ಹಿಡಿಯುತ್ತದೆ, ಹಾಗಾಗಿ ಹಿಮ ಕರಗಿದ ನೀರಿಗೆ ಕಲ್ಲನ್ನು ಕರಗಿಸುವ ಶಕ್ತಿ ಚೆನ್ನಾಗಿಯೇ ಇರುತ್ತದೆ.

ಈ ನೀರು ಕಲ್ಲಿನ ಕೂದಲೆಳೆಯಂಥ ಬಿರುಕಿಗೆ ಇಳಿಯುತ್ತದೆ. ಬಿರುಕಿನ ಗೋಡೆ ಚೂರು ಕರಗಿ ದಾರಿ ಅಗಲವಾಗುತ್ತದೆ. ಅಗಲವಾದ ದಾರಿಯಲ್ಲಿ ಹೆಚ್ಚು ನೀರು ಹರಿಯುತ್ತದೆ, ಹೆಚ್ಚು ನೀರು ಹರಿದಷ್ಟೂ ಗೋಡೆ ಇನ್ನಷ್ಟು ಕರಗುತ್ತದೆ. ಮೊದಲೇ ಅಗಲವಾದ ಬಿರುಕು ಪಕ್ಕದ ಸಣ್ಣ ಬಿರುಕುಗಳ ನೀರನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಸಾವಿರಾರು ವರ್ಷ ಹೀಗೆ ನಡೆದರೆ ಬೆಟ್ಟದೊಳಗೆ ನಾಳಗಳ ಜಾಲವೇ ಆಗಿಬಿಡುತ್ತದೆ: ಬೆರಳ ದಪ್ಪದವು, ಮನುಷ್ಯ ತೆವಳುವಷ್ಟು ಅಗಲದವು, ಕೆಲವೆಡೆ ದೊಡ್ಡ ಗವಿಗಳು. ಮೇಲ್ಛಾವಣಿ ತೆಳುವಾದ ಕಡೆ ನೆಲ ಕುಸಿದು ಕುಳಿ ಬೀಳುತ್ತದೆ. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯ ಕ್ರಾಸ್ ಎಂಬ ಪ್ರಸ್ಥಭೂಮಿಯಲ್ಲಿ ಇಂಥ ನೆಲದ ಅಧ್ಯಯನ ಮೊದಲು ನೆಲೆಗೊಂಡಿದ್ದರಿಂದ ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಇದನ್ನು ಕಾರ್ಸ್ಟ್ ಎನ್ನುತ್ತಾರೆ. ಭೂಮಿಯ ಮೇಲೆ ಸುಮಾರು ಹತ್ತರಲ್ಲಿ ಒಬ್ಬರು ಕುಡಿಯುವುದು ಇಂಥ ನೆಲದ ನೀರನ್ನು ಎಂಬುದು ಇತ್ತೀಚಿನ ಅಂದಾಜು. ಬಳ್ಳಾರಿಯಿಂದ ಆಂಧ್ರದ ಬೇಲಂ ಗುಹೆಗಳನ್ನು ನೋಡಲು ಹೋಗಿಬಂದವರು ನೀರು ಹೀಗೆ ಕೊರೆದ ದಾರಿಯಲ್ಲೇ ನಡೆದಾಡಿದ್ದಾರೆ.

ಕಾಶ್ಮೀರದ ಈ ಕಲ್ಲು ಬೇಲಂನ ಕಲ್ಲಿಗಿಂತ ಬಹಳ ಎಳೆಯದು. ಇಪ್ಪತ್ತು ಇಪ್ಪತ್ತೈದು ಕೋಟಿ ವರ್ಷಗಳ ಹಿಂದೆ, ಹಿಮಾಲಯ ಹುಟ್ಟುವ ಎಷ್ಟೋ ಮೊದಲು, ಅಲ್ಲಿ ಟೆಥಿಸ್ ಸಮುದ್ರವಿತ್ತು. ಅದರ ತಳದಲ್ಲಿ ಕೂಡಿದ ಚಿಪ್ಪು, ಸುಣ್ಣದ ಕೆಸರು ಗಟ್ಟಿಯಾಗಿ ಟ್ರಯಾಸಿಕ್ ಯುಗದ ಸುಣ್ಣದಕಲ್ಲಾಯಿತು. ಶ್ರೀನಗರದ ಹೊರವಲಯದ ಖೋನ್‌ಮೊಹ್‌ನಲ್ಲಿ ಗುರ್ಯುಲ್ ಎಂಬ ಕೊರಕಲಿದೆ. ಸುಮಾರು 25 ಕೋಟಿ ವರ್ಷಗಳ ಹಿಂದೆ ಕಡಲ ಜೀವಿಗಳಲ್ಲಿ ಬಹುಪಾಲು ಅಳಿದುಹೋದ ಮಹಾವಿನಾಶದ ಗಡಿ ಅಲ್ಲಿನ ಕಲ್ಲುಪದರಗಳಲ್ಲಿ ಕಣ್ಣಿಗೇ ಕಾಣುತ್ತದೆ. ಕನ್ನಡಿಗರಿಗೆ ಈ ಊರು ಇನ್ನೊಂದು ಕಾರಣಕ್ಕೆ ಹತ್ತಿರದ್ದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು ‘ವಿಕ್ರಮಾಂಕದೇವಚರಿತ’ ಬರೆದ ಬಿಲ್ಹಣ ಹುಟ್ಟಿದ್ದು ಇಲ್ಲೇ. ಕಾವ್ಯದ ಕೊನೆಯ ಸರ್ಗದಲ್ಲಿ ಅವನು ತನ್ನ ಊರನ್ನು, ಅದರ ಕೇಸರಿಯನ್ನೂ ದ್ರಾಕ್ಷಿಯನ್ನೂ ನೆನೆಯುತ್ತಾನೆ. ಈಗ ಆ ಸುತ್ತಿನ ಬೆಟ್ಟಗಳಲ್ಲಿ ಸಿಮೆಂಟಿಗಾಗಿ ಕಲ್ಲುಗಣಿಗಳಿವೆ. ಬಿಲ್ಹಣನ ತವರಿನ ಕಲ್ಲಿಗೂ ಅವನಿಗೆ ಆಸರೆ ಕೊಟ್ಟ ನಾಡಿನ ವಾಡಿ, ಸೇಡಂ, ಚಿತ್ತಾಪುರದ ಕಲ್ಲಿಗೂ ಒಂದೇ ಗತಿ ಬಂದಿರುವುದು ನನ್ನನ್ನು ಕಾಡುತ್ತದೆ.

ದಕ್ಷಿಣಕ್ಕೆ, ಅನಂತನಾಗ್ ಜಿಲ್ಲೆಯಲ್ಲಿ, ಈ ಸುಣ್ಣದಕಲ್ಲು ಬೆಟ್ಟಬೆಟ್ಟಗಳನ್ನೇ ಕಟ್ಟಿದೆ. ಕೆಳಗೆ ಪಂಜಾಲ್ ಟ್ರ್ಯಾಪ್ ಎಂಬ ಜ್ವಾಲಾಮುಖಿ ಶಿಲೆ. ಕಣಿವೆಯ ಅಂಚಿನಲ್ಲಿ ಕರೇವಾ ಎಂಬ ಹಳೆಯ ಸರೋವರದ ಜೇಡಿಮಣ್ಣು. ಇವೆರಡೂ ಸುಣ್ಣದಕಲ್ಲಿನಷ್ಟು ಸಲೀಸಾಗಿ ನೀರಿಗೆ ದಾರಿ ಬಿಡುವುದಿಲ್ಲ. ಬೆಟ್ಟದೊಳಗೆ ಇಳಿದುಬಂದ ನೀರು ಇವಕ್ಕೆ ತಡೆದು, ಬೆಟ್ಟದ ಬುಡದಲ್ಲಿ ಮೇಲೇಳುತ್ತದೆ. ವೆರಿನಾಗ್, ಅಚಬಲ್, ಕೋಕರ್‌ನಾಗ್, ಮಟ್ಟನ್, ಅನಂತನಾಗ್ ಪಟ್ಟಣದ ಒಳಗಿನ ಚಿಲುಮೆಗಳು: ಭೂಪಟದಲ್ಲಿ ಇವನ್ನು ಗುರುತಿಸಿದರೆ ಬೆಟ್ಟ ಮತ್ತು ಬಯಲು ಸೇರುವ ಗೆರೆ ತಾನಾಗಿಯೇ ಮೂಡುತ್ತದೆ. ಮಟ್ಟನ್ ಪಕ್ಕದ ಬುಮ್ಜು ಗವಿಗಳೂ ಇದೇ ಕಲ್ಲಿನವು. ಮಟ್ಟನ್‌ನ ಮೇಲಿನ ದಿಬ್ಬದಲ್ಲಿ ಎಂಟನೆಯ ಶತಮಾನದ ಲಲಿತಾದಿತ್ಯ ಕಟ್ಟಿಸಿದ ಮಾರ್ತಾಂಡ ಸೂರ್ಯ ದೇಗುಲದ ಕಲ್ಲೂ ಸುಣ್ಣದ್ದೇ. ಪಹಲ್ಗಾಮ್ ದಾರಿಯಾಗಿ ಅಮರನಾಥಕ್ಕೆ ಹೋಗುವ ನಮ್ಮ ಯಾತ್ರಿಕರು ಈ ಸೀಮೆಯನ್ನೇ ಹಾದು ಹೋಗುತ್ತಾರೆ.

ಮೊಘಲರು ಈ ಚಿಲುಮೆಗಳಿಗೆ ಮನಸೋತಿದ್ದರು. ಝೇಲಂ ನದಿಯ ಮೂಲವೆಂದು ಮನ್ನಣೆ ಪಡೆದ ವೆರಿನಾಗ್‌ಗೆ ಜಹಾಂಗೀರ್ 1620ರ ಸುಮಾರಿಗೆ ಎಂಟು ಮೂಲೆಯ ಕಲ್ಲಿನ ಕೊಳ ಕಟ್ಟಿಸಿದ. ಅಚಬಲ್‌ನ ತೋಟ ನೂರ್‌ಜಹಾನಳ ಕಾಲದ್ದು. ಮುಂದೆ ಷಹಜಹಾನನ ಮಗಳು ಜಹನಾರಾ ಅದನ್ನು ಬೆಳೆಸಿದಳು. ಔರಂಗಜೇಬನ ಪರಿವಾರದ ಜೊತೆ 1665ರಲ್ಲಿ ಕಾಶ್ಮೀರ ಕಂಡ ಫ್ರೆಂಚ್ ವೈದ್ಯ ಫ್ರಾಂಸ್ವಾ ಬರ್ನಿಯೆ, ಅಚಬಲ್‌ನಲ್ಲಿ ನೀರು ಉಕ್ಕುವ ರಭಸ ನೋಡಿ ಇದನ್ನು ಚಿಲುಮೆ ಎನ್ನುವ ಬದಲು ನದಿ ಎನ್ನಬೇಕು ಎಂಬರ್ಥದಲ್ಲಿ ಬರೆದ. ಅವನಿಗೆ ಬ್ರಿಂಗಿಯ ಸಂಗತಿ ತಿಳಿದಿತ್ತೋ ಇಲ್ಲವೋ, ಮಾತು ಮಾತ್ರ ಅಕ್ಷರಶಃ ದಿಟ.

ಬರ್ನಿಯೆ ನೋಡಿದ ಇನ್ನೊಂದು ನೀರಿನ ಕತೆ ಇನ್ನೂ ಸೊಗಸು. ಬ್ರಿಂಗಿ ಕಣಿವೆಯಲ್ಲೇ ಸುಂದ್‌ಬ್ರಾರ್ ಎಂಬಲ್ಲಿ ತ್ರಿಸಂಧ್ಯಾ ಎಂಬ ಚಿಲುಮೆಯಿದೆ. ಹಿಮ ಕರಗುವ ಮೇ ತಿಂಗಳ ಹೊತ್ತಿಗೆ ಅದು ದಿನಕ್ಕೆ ಕೆಲವು ಸಲ ಉಕ್ಕಿ ಹರಿದು ನಿಲ್ಲುತ್ತದೆ, ಮತ್ತೆ ಉಕ್ಕುತ್ತದೆ. ಹನ್ನೆರಡನೆಯ ಶತಮಾನದ ಕಲ್ಹಣ ‘ರಾಜತರಂಗಿಣಿ’ಯ ಮೊದಲಲ್ಲೇ ಸಂಧ್ಯಾದೇವಿಯ ಈ ನೀರನ್ನು ನಾಡಿನ ವಿಸ್ಮಯಗಳ ಸಾಲಿನಲ್ಲಿ ಹೇಳಿದ್ದಾನೆ. ಬರ್ನಿಯೆ ಪವಾಡ ಎಂದು ಕೈಬಿಡದೆ ಬೆಟ್ಟದ ಸುತ್ತ ಓಡಾಡಿ ನೋಡಿದ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಬೆಟ್ಟದ ಬೇರೆಬೇರೆ ಮುಖಗಳಿಗೆ ಬೀಳುವುದರಿಂದ ಹಿಮ ಸರದಿಯಲ್ಲಿ ಕರಗಿ ನೀರು ಸರದಿಯಲ್ಲಿ ಬರುತ್ತಿರಬೇಕು ಎಂದು ತರ್ಕಿಸಿದ. ಹಿಮದ ನೀರೇ ಮೂಲ ಎಂದು ಅವನು ಕಂಡುಕೊಂಡಿದ್ದು ಆ ಕಾಲಕ್ಕೆ ದೊಡ್ಡ ಮಾತು. ಇಂಥ ಚಿಲುಮೆಗಳಿಗೆ ಇಂದಿನ ಭೂವಿಜ್ಞಾನ ಕೊಡುವ ವಿವರಣೆ ಸೈಫನ್ನಿನದು. ಬೆಟ್ಟದೊಳಗೆ ಒಂದು ಪೊಟರೆ, ಅದರಿಂದ ಹೊರಡುವ ನಾಳ ಮೊದಲು ಮೇಲೇರಿ ಆಮೇಲೆ ಕೆಳಗಿಳಿದಿರುತ್ತದೆ. ಪೊಟರೆಯ ನೀರು ನಾಳದ ಬಾಗಿನ ಮಟ್ಟ ಮುಟ್ಟಿದ ಕೂಡಲೇ ಸೆಳೆತ ಶುರುವಾಗಿ ಪೊಟರೆ ಪೂರ್ತಿ ಬರಿದಾಗುತ್ತದೆ. ಮತ್ತೆ ತುಂಬುವವರೆಗೂ ಚಿಲುಮೆ ಮೌನ. ಒಳಹರಿವು ತೀರ ಕಡಿಮೆಯಾದರೆ ಪೊಟರೆ ತುಂಬುವುದೇ ಇಲ್ಲ. ಹಾಗಾಗಿ ಹಿಮ ಕರಗುವ ಕೆಲವೇ ವಾರಗಳಲ್ಲಿ ಮಾತ್ರ ಈ ಆಟ ಕಾಣುವುದು.

ಈ ನೀರನ್ನು ಕುಡಿಯುವವರ ಕಡೆಗೆ ಬರೋಣ, ಯಾಕೆಂದರೆ ಚೆಲುವಿನ ಮಾತಿನಲ್ಲಿ ಮರೆಯಾಗುವುದು ಅದೇ. ಈ ಚಿಲುಮೆಗಳಲ್ಲಿ ಬಹುಪಾಲಿನ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮೇಲುಗೈ. ಡಾಲಮೈಟ್ ಬೆರೆತ ಕಲ್ಲಿದ್ದಲ್ಲಿ ಮೆಗ್ನೀಸಿಯಂ ಸೇರುತ್ತದೆ. ಗಡಸುತನ ಇರುತ್ತದೆ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನವನ್ನು ಒಪ್ಪುತ್ತದೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಬಿಡುತ್ತದೆ. ಗಡಸುತನ ಸೋಪಿಗೆ, ಬಾಯ್ಲರಿಗೆ ತೊಂದರೆ. ಜೀವಕ್ಕೆ ತೊಂದರೆ ತರುವುದು ಬೇರೆ.

ಕರ್ನಾಟಕದ ಬಯಲುಸೀಮೆಯ ನೆಲದ ಜೊತೆ ಇಟ್ಟು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಕೋಲಾರ, ತುಮಕೂರು ಕಡೆ ನೀಸ್ ಮತ್ತು ಗ್ರಾನೈಟ್ ಕಲ್ಲಿನ ಬಿರುಕುಗಳಲ್ಲಿ ನೀರು ನಿಧಾನ ಸರಿಯುತ್ತದೆ, ಕೊಳವೆಬಾವಿ ಆಳಕ್ಕೆ ಹೋದಷ್ಟೂ ಹಳೆಯ ನೀರು ಸಿಗುತ್ತದೆ. ಕಲ್ಲಿನ ಸಹವಾಸ ಜಾಸ್ತಿಯಾಗಿ ಅದಕ್ಕೆ ಫ್ಲೋರೈಡ್ ಸೇರುತ್ತದೆ, ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಮೂಳೆ ಬಾಗುತ್ತದೆ. ಅಲ್ಲಿ ಕಷ್ಟ ತರುವುದು ನೀರು ಕಲ್ಲಿನೊಳಗೆ ಬಹುಕಾಲ ಉಳಿಯುವುದು. ಅನಂತನಾಗ್‌ನಲ್ಲಿ ಕಷ್ಟ ತರುವುದು ನೀರು ಕಲ್ಲಿನೊಳಗೆ ಉಳಿಯದೇ ಇರುವುದು. ಮರಳಿನ ನೆಲದಲ್ಲಿ ಅಂತರ್ಜಲ ದಿನಕ್ಕೆ ಕೆಲವು ಸೆಂಟಿಮೀಟರಿನಿಂದ ಕೆಲವು ಮೀಟರು ಸರಿದರೆ, ಸುಣ್ಣದಕಲ್ಲಿನ ನಾಳಗಳಲ್ಲಿ ಅದು ದಿನಕ್ಕೆ ನೂರಾರು ಮೀಟರು, ಕೆಲವೊಮ್ಮೆ ಕಿಲೋಮೀಟರುಗಟ್ಟಲೆ ಓಡುತ್ತದೆ. ಮರಳು ನೀರನ್ನು ಸೋಸುತ್ತದೆ. ಸಮಯವೂ ಸೋಸುತ್ತದೆ: ರೋಗಾಣುಗಳು ವಾರಗಟ್ಟಲೆ ನೆಲದೊಳಗಿದ್ದರೆ ಬಹುಪಾಲು ಸಾಯುತ್ತವೆ. ನಾಳದಲ್ಲಿ ಸೋಸಲು ಮರಳಿಲ್ಲ, ಸಾಯಲು ಸಮಯವಿಲ್ಲ. ಹೊಟ್ಟು ದಾಟಿದ ದಾರಿಯಲ್ಲಿ ಬ್ಯಾಕ್ಟೀರಿಯಾ ದಾಟದೇ ಇರುತ್ತದೆಯೇ?

ಜರ್ಮನಿಯಲ್ಲಿ ಕುಡಿಯುವ ನೀರಿನ ಮೂಲದ ಸುತ್ತ ರಕ್ಷಿತ ವಲಯ ಗುರುತಿಸಲು ಒಂದು ಲೆಕ್ಕವಿದೆ. ನೆಲದೊಳಗಿನ ನೀರು ಬಾವಿ ತಲುಪಲು 50 ದಿನ ಬೇಕಾಗುವ ದೂರದವರೆಗಿನ ನೆಲವನ್ನು ಕಟ್ಟುನಿಟ್ಟಾಗಿ ಕಾಯಬೇಕು. ಮರಳು ನೆಲದಲ್ಲಿ ಇದು ಒಂದಿಷ್ಟು ಹೊಲಗಳ ಮಾತು. ಕಾರ್ಸ್ಟ್‌ನಲ್ಲಿ ಇದೇ ಲೆಕ್ಕ ಹಿಡಿದರೆ ಹಲವು ಕಡೆ ಇಡೀ ಜಲಾನಯನವೇ ವಲಯದೊಳಗೆ ಬಂದುಬಿಡುತ್ತದೆ, ಯಾಕೆಂದರೆ ದೂರದ ಬೆಟ್ಟದ ತುದಿಯಿಂದಲೂ ನೀರು ಕೆಲವೇ ದಿನಗಳಲ್ಲಿ ಚಿಲುಮೆಗೆ ಬಂದಿರುತ್ತದೆ.

ಇದನ್ನು ಮೈಮೇಲೆ ಎಳೆದುಕೊಂಡು ಕಲಿತವರು ಫ್ರಾನ್ಸಿನ ಗುಹೆ ಅನ್ವೇಷಕ ಎದುವಾರ್ ಆಲ್ಫ್ರೆಡ್ ಮಾರ್ತೆಲ್. 1891ರಲ್ಲಿ ಅವರು ಚಿಲುಮೆಯೊಂದರ ನೀರು ಕುಡಿದು ಕಾಯಿಲೆ ಬಿದ್ದರು. ಮೇಲಿನ ಪ್ರಸ್ಥಭೂಮಿಯ ಆಳಗುಳಿಯೊಂದರಲ್ಲಿ ಸತ್ತ ಕರು ಕೊಳೆಯುತ್ತಿದ್ದುದು, ಆ ಕುಳಿಯ ನೀರೇ ಕೆಳಗಿನ ಚಿಲುಮೆಗೆ ಬರುತ್ತಿದ್ದುದು ಅವರ ಗಮನಕ್ಕೆ ಬಂತು. ಸತ್ತ ದನಕರುಗಳನ್ನು ಕುಳಿಗೆ ಎಸೆದು ಕೈತೊಳೆದುಕೊಳ್ಳುವುದು ಆಗ ಅಲ್ಲಿನ ಹಳ್ಳಿಗಳಲ್ಲಿ ರೂಢಿಯಾಗಿತ್ತು. ಮಾರ್ತೆಲ್ ಹಠ ಹಿಡಿದು ಪ್ರಚಾರ ಮಾಡಿದ್ದರ ಫಲವಾಗಿ 1902ರ ಸಾರ್ವಜನಿಕ ಆರೋಗ್ಯ ಕಾಯಿದೆ ಅದನ್ನು ನಿಷೇಧಿಸಿತು. ಅದಕ್ಕೂ ಒಂದು ವರ್ಷ ಹಿಂದೆ, 1901ರಲ್ಲಿ, ಅದೇ ದೇಶದ ಪೋಂತಾರ್ಲಿಯೇ ಪಟ್ಟಣದ ಮದ್ಯದ ಕಾರ್ಖಾನೆಗೆ ಬೆಂಕಿ ಬಿದ್ದು, ಅಬ್ಸಿಂತ್ ಮದ್ಯ ಅಪಾರವಾಗಿ ದೂ ನದಿಗೆ ಹರಿಯಿತು. ಎರಡು ದಿನ ಕಳೆದು ಬೇರೆಯೇ ಕಣಿವೆಯ ಲೂ ನದಿಯ ಮೂಲದಲ್ಲಿ ನೀರು ಆ ಮದ್ಯದ ಬಣ್ಣಕ್ಕೆ ತಿರುಗಿ ಘಮಘಮಿಸಿತು. ಲೂ ನದಿಯ ಚಿಲುಮೆ ದೂ ನದಿಯದೇ ಕವಲು ಎಂದು ಹೀಗೆ ಬಯಲಾಯಿತು. ಬ್ರಿಂಗಿ ಮತ್ತು ಅಚಬಲ್‌ನ ಕತೆಯೂ ಇದೇ. ಅಲ್ಲಿ ಹೊಟ್ಟು, ಇಲ್ಲಿ ಮದ್ಯ.

ಬ್ರಿಂಗಿ ಕಣಿವೆಯಲ್ಲಿ ಈಗ ಮೇಲಿನಿಂದ ಇಳಿಯುತ್ತಿರುವುದು ಏನೇನು? ದೇಶದ ಸೇಬಿನಲ್ಲಿ ಮುಕ್ಕಾಲು ಪಾಲಿನಷ್ಟು ಜಮ್ಮು ಮತ್ತು ಕಾಶ್ಮೀರದ್ದು. ದಕ್ಷಿಣ ಕಾಶ್ಮೀರದಲ್ಲಿ ಭತ್ತದ ಗದ್ದೆಗಳು ಸೇಬಿನ ತೋಟಗಳಾಗುತ್ತ ಬಂದಿವೆ. ಸೇಬಿಗೆ ಋತುವಿಡೀ ಸರದಿಯಂತೆ ಔಷಧಿ ಹೊಡೆಯಬೇಕು, ಗೊಬ್ಬರ ಹಾಕಬೇಕು. ಬೆಳೆಗಾರನನ್ನು ನಾನು ದೂರುವುದಿಲ್ಲ. ಗದ್ದೆಗಿಂತ ತೋಟ ಮನೆ ನಡೆಸುತ್ತದೆ. ಆದರೆ ಇಳಿಜಾರಿನ ತೆಳು ಮಣ್ಣಿನ ಕೆಳಗೆ ಬಿರುಕುಬಿಟ್ಟ ಸುಣ್ಣದಕಲ್ಲು ಇದ್ದಾಗ, ಸಿಂಪಡಿಸಿದ ಮರುದಿನ ಮಳೆ ಬಂದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಹೇಳುವವರಾದರೂ ಇರಬೇಕು. ಇದರ ಮೇಲೆ ಶೌಚಗುಂಡಿಗಳ ನೀರು, ಕುರಿ ದನಗಳ ಸಗಣಿ, ಪ್ರವಾಸಿ ಊರುಗಳ ಕಸ. ಗೊಬ್ಬರ ಮತ್ತು ಮಲದಿಂದ ಬರುವ ನೈಟ್ರೇಟ್ ನೀರು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಹೆಚ್ಚುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಇಟ್ಟಿರುವುದು ಮುಖ್ಯವಾಗಿ ಬಾಟಲಿ ಹಾಲು ಕುಡಿಯುವ ಹಸುಗೂಸುಗಳ ಸಲುವಾಗಿ. ಅವುಗಳ ರಕ್ತ ಆಮ್ಲಜನಕ ಸಾಗಿಸುವುದನ್ನು ನೈಟ್ರೇಟ್ ಕೆಡಿಸುತ್ತದೆ.

ಕೊಳೆತ ನೀರು ಏನು ಮಾಡಬಲ್ಲದು ಎಂದು ಕಾಶ್ಮೀರ ನೋಡಿದೆ. 1978ರ ಕೊನೆಯಲ್ಲಿ ಉತ್ತರ ಕಾಶ್ಮೀರದ ಹಳ್ಳಿಗಳಲ್ಲಿ ಕಾಮಾಲೆ ಹಬ್ಬಿ ಸಾವಿರಾರು ಮಂದಿ ನರಳಿದರು. ಸತ್ತವರಲ್ಲಿ ಗರ್ಭಿಣಿಯರು ಬಹಳ. ಶ್ರೀನಗರದ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಹಳ್ಳಿ ಹಳ್ಳಿ ತಿರುಗಿ, ಇದು ಅದುವರೆಗೆ ತಿಳಿದಿದ್ದ ಎ ಅಥವಾ ಬಿ ಹೆಪಟೈಟಿಸ್ ಅಲ್ಲ, ನೀರಿನಿಂದ ಹರಡುವ ಹೊಸ ಬಗೆ ಎಂದು 1980ರಲ್ಲಿ ಪ್ರಕಟಿಸಿದರು. ಇಂದು ಅದನ್ನು ಹೆಪಟೈಟಿಸ್ ಇ ಎನ್ನುತ್ತೇವೆ. ಆಗ ರೋಗ ತಂದದ್ದು ಮಲಿನವಾದ ಹೊಳೆಯ ನೀರು. ಹೊಳೆ ಕೊಳಕು, ಚಿಲುಮೆ ಶುದ್ಧ ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಇದೆ, ಮತ್ತು ಬಹಳ ಕಡೆ ಅದು ಸರಿ. ಸುಣ್ಣದಕಲ್ಲಿನಲ್ಲಿ ಮಾತ್ರ ಈ ನಂಬಿಕೆ ಪ್ರಾಣಕ್ಕೆ ಎರವಾದೀತು. ಅಲ್ಲಿ ಚಿಲುಮೆಯೇ ಒಂದಿಷ್ಟು ದೂರ ಕತ್ತಲಲ್ಲಿ ಹರಿದುಬಂದ ಹೊಳೆ. ತಂಪು, ತಿಳಿ, ರುಚಿ ಯಾವುವೂ ಅದರ ಶುದ್ಧತೆಗೆ ಸಾಕ್ಷಿಯಲ್ಲ.

ಇನ್ನೊಂದು ಸೂಕ್ಷ್ಮವಿದೆ, ಅಧಿಕಾರಿಗಳೂ ಆಗಾಗ ಎಡವುವುದು ಇಲ್ಲೇ. ನೀರಿನ ಮಾದರಿ ಸಂಗ್ರಹಿಸಲು ಯಾವಾಗ ಹೋಗುತ್ತಾರೆ? ರಸ್ತೆ ಒಣಗಿರುವ, ಆಕಾಶ ತಿಳಿಯಾಗಿರುವ ದಿನ. ಆ ದಿನ ಚಿಲುಮೆಯಲ್ಲಿ ಬರುವುದು ಸಣ್ಣ ಬಿರುಕುಗಳಿಂದ ನಿಧಾನವಾಗಿ ಒಸರಿದ ನೀರು. ವರದಿ ಚೆನ್ನಾಗಿ ಬರುತ್ತದೆ. ಕೊಳೆ ಬರುವುದು ಜೋರು ಮಳೆ ಬಿದ್ದ ಅಥವಾ ಹಿಮ ಒಮ್ಮೆಲೇ ಕರಗಿದ ನಂತರದ ಕೆಲವು ಗಂಟೆಗಳಲ್ಲಿ, ದೊಡ್ಡ ನಾಳಗಳು ಮೇಲಿನ ಗುಂಡಿಗಳನ್ನು ತೊಳೆದು ತರುವಾಗ. ನೀರು ಮಣ್ಣುಬಣ್ಣಕ್ಕೆ ತಿರುಗುತ್ತದೆ, ಮಣ್ಣಿನ ಕಣಕ್ಕೆ ಅಂಟಿಕೊಂಡು ರೋಗಾಣುಗಳೂ ಬರುತ್ತವೆ, ಕದಡಿದ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಎರಡು ಮೂರು ದಿನಕ್ಕೆ ಮತ್ತೆ ತಿಳಿ. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ. ಕೋಲೈ ಸಿಗಬಾರದು ಎನ್ನುವ ಮಾನಕ ಒಳ್ಳೆಯದೇ, ಆದರೆ ಆ 100 ಮಿಲಿಲೀಟರನ್ನು ಯಾವ ದಿನ ಹಿಡಿದರು ಎಂಬುದರ ಮೇಲೆ ಅದರ ಅರ್ಥ ನಿಂತಿದೆ. ಮೊದಲ ಮಳೆಗೆ ಚಿಲುಮೆ ಕದಡಿತು ಎಂದು ಅಜ್ಜಿಯೊಬ್ಬಳು ಹೇಳಿದರೆ, ಅದನ್ನು ಪ್ರಯೋಗಾಲಯದ ಹಾಳೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಪ್ರಮಾಣದ ಕಷ್ಟವೂ ಇದಕ್ಕೆ ಜೊತೆಯಾಗಿದೆ. ಕಾಶ್ಮೀರ ವಿಶ್ವವಿದ್ಯಾಲಯದ ಗುಲಾಂ ಜೀಲಾನಿ ಮತ್ತು ಸಹೋದ್ಯೋಗಿಗಳು ಈ ಚಿಲುಮೆಗಳ ನೀರಿನ ಐಸೊಟೋಪುಗಳನ್ನು ವರ್ಷಗಟ್ಟಲೆ ಅಳೆದು, ಇವು ಮುಖ್ಯವಾಗಿ ಬೆಟ್ಟದ ಮೇಲೆ ಕರಗಿದ ಹಿಮದಿಂದ ಬದುಕುತ್ತಿವೆ ಎಂದು ತೋರಿಸಿದ್ದಾರೆ. ಎತ್ತರದಲ್ಲಿ ಬಿದ್ದ ಹಿಮದಲ್ಲಿ ಆಮ್ಲಜನಕದ ಭಾರದ ಪರಮಾಣುಗಳು ಕಡಿಮೆ ಇರುತ್ತವೆ. ಆ ಗುರುತು ಹಿಡಿದರೆ ನೀರು ಯಾವ ಎತ್ತರದಲ್ಲಿ ನೆಲಕ್ಕಿಳಿಯಿತು ಎಂದು ಅಂದಾಜಿಸಬಹುದು. ಚಳಿಗಾಲದ ಹಿಮ ಕೈಕೊಟ್ಟರೆ ನಾಳ ಬೇಗ ಬರಿದಾಗುತ್ತದೆ, ಯಾಕೆಂದರೆ ಓಡುವ ನೀರಿಗೆ ದಾಸ್ತಾನು ಕಡಿಮೆ. 2025ರ ಫೆಬ್ರವರಿಯಲ್ಲಿ, ಮಳೆ ಹಿಮ ಎರಡೂ ತೀರ ಕಡಿಮೆಯಾದ ಚಳಿಗಾಲದ ಕೊನೆಯಲ್ಲಿ, ಅಚಬಲ್ ಚಿಲುಮೆ ಬತ್ತಿತು. ಬರ್ನಿಯೆ ನದಿ ಎಂದಿದ್ದ ನೀರು ನಿಂತುಹೋಗಿ ಮೊಘಲ್ ತೋಟದ ಕಾಲುವೆಗಳು ಒಣಗಿದವು, ಅದನ್ನೇ ನಂಬಿದ್ದ ಹಳ್ಳಿಗಳಿಗೆ ಕುಡಿಯುವ ನೀರಿಗೇ ತತ್ವಾರವಾಯಿತು. ಹರಿವು ಕುಗ್ಗಿದಾಗ ಕೊಳೆ ಅಷ್ಟೇ ಇದ್ದರೂ ಅದನ್ನು ತೆಳುವಾಗಿಸುವ ನೀರು ಇರುವುದಿಲ್ಲ. ಹಾಗಾಗಿ ನೀರಿನ ಪ್ರಮಾಣ ಮತ್ತು ಶುದ್ಧಿಯನ್ನು ಬೇರೆಬೇರೆ ಇಲಾಖೆಗಳ ಕಡತಗಳಾಗಿ ನೋಡುವುದು ಇಲ್ಲಿ ನಡೆಯದು.

ನದಿಯ ಕುಳಿಯನ್ನು ಮುಚ್ಚಿಬಿಡಬೇಕೇ ಎಂಬ ಪ್ರಶ್ನೆ 2022ರಲ್ಲೂ ಎದ್ದಿತ್ತು. ಕುಳಿಯನ್ನು ಬಳಸಿ ಹೋಗುವಂತೆ ಹೊಳೆಯನ್ನು ತಿರುಗಿಸಿ ಕೆಳಗಿನ ಪಾತ್ರಕ್ಕೆ ನೀರು ಹಾಯಿಸಲಾಯಿತು. ಕೆಳಗಿನ ಗದ್ದೆಗಳಿಗೂ ಮೀನಿಗೂ ಅದು ಬೇಕೇ ಬೇಕಿತ್ತು. ಆದರೆ ಕುಳಿಗೆ ಇಳಿಯುವ ಪ್ರತಿ ಬಿಂದಿಗೆ ಬೆಟ್ಟದಾಚೆ ಯಾರದೋ ನಲ್ಲಿಯಲ್ಲಿ ಬರುವ ನೀರು ಕೂಡ. ಹೊಳೆಯ ಪಾತ್ರದಿಂದ ಕಲ್ಲು ಮರಳು ಎತ್ತುವುದೂ ಇದಕ್ಕೆ ಸೇರಿದ ಮಾತೇ. ಕಲ್ಲಿನ ಬಿರುಕುಗಳ ಮೇಲೆ ಹಾಸಿಕೊಂಡಿರುವ ಜಲ್ಲಿಪದರ ನೀರನ್ನು ತಡೆದು ಸೋಸುತ್ತ ಕೆಳಗೆ ಬಿಡುತ್ತಿರುತ್ತದೆ. ಅದನ್ನು ಕಿತ್ತರೆ ಬಾಯಿ ನೇರ ತೆರೆದುಕೊಳ್ಳುತ್ತದೆ.

ಕೈಯಲ್ಲಿ ಆಗುವ ಕೆಲಸ ಬೇಕಾದಷ್ಟಿದೆ. ಆಸ್ಟ್ರಿಯಾದ ವಿಯೆನ್ನಾ ನಗರ 1873ರಿಂದ ಇಂಥದೇ ಸುಣ್ಣದಬೆಟ್ಟಗಳ ಚಿಲುಮೆ ನೀರನ್ನು ಕುಡಿಯುತ್ತಿದೆ. ಅದು ಚಿಲುಮೆಯನ್ನಷ್ಟೇ ಕೊಂಡು ಸುಮ್ಮನಾಗಲಿಲ್ಲ, ಮೇಲಿನ ಕಾಡನ್ನೂ ನಗರವೇ ನೋಡಿಕೊಳ್ಳುತ್ತದೆ, ಮರ ಕಡಿಯುವುದು ನೆಡುವುದು ಎಲ್ಲವೂ ನೀರಿನ ಲೆಕ್ಕದಲ್ಲಿ ನಡೆಯುತ್ತದೆ. ಕಾಶ್ಮೀರಕ್ಕೆ ಆ ಹಣವಿಲ್ಲದಿರಬಹುದು, ಮನಸ್ಸು ಇದೆ. ಖಾಜಿಗುಂಡ್ ಬಳಿಯ ಪಂಜತ್ ಎಂಬ ಹಳ್ಳಿಯಲ್ಲಿ ಪ್ರತಿ ಮೇ ತಿಂಗಳಲ್ಲಿ ಊರಿಗೆ ಊರೇ ಬೆತ್ತದ ಬುಟ್ಟಿ ಹಿಡಿದು ಚಿಲುಮೆಯ ಕೊಳಕ್ಕಿಳಿಯುತ್ತದೆ. ಮೀನು ಹಿಡಿಯುತ್ತ, ಕಳೆ ಕೀಳುತ್ತ, ಹೂಳು ಎತ್ತುತ್ತ ಅದನ್ನೊಂದು ಹಬ್ಬವಾಗಿಸಿಕೊಂಡಿದ್ದಾರೆ. ಇಷ್ಟು ದಿನ ಉಳಿದುಬಂದ ಇಂಥ ರೂಢಿ ಯಾವ ಸರ್ಕಾರಿ ಯೋಜನೆಯಿಂದಲೂ ಹುಟ್ಟುವಂಥದ್ದಲ್ಲ. ಇದೇ ಜನ ಒಂದು ದಿನ ಮೇಲಿನ ಬೆಟ್ಟಕ್ಕೂ ಹೋಗಿ, ನೀರು ಇಳಿಯುವ ಕುಳಿಗಳ ಕಸ ತೆಗೆದರೆ ಆ ಹಬ್ಬದ ಉದ್ದೇಶ ಪೂರ್ತಿಯಾಗುತ್ತದೆ.

ಯಾವ ಕುಳಿಯದು ಯಾವ ಚಿಲುಮೆಗೆ ಎಂದು ಹೇಳಲು ಈಗ ಹೊಟ್ಟು ಬೇಕಿಲ್ಲ. ಫ್ಲೋರೆಸಿನ್ ಎಂಬ ಬಣ್ಣವಿದೆ. ಮಾರ್ತೆಲ್ ದೂ ಮತ್ತು ಲೂ ನದಿಗಳ ನಂಟನ್ನು 1910ರಲ್ಲಿ ಮತ್ತೆ ಖಚಿತಪಡಿಸಿದ್ದು ಇದರಿಂದಲೇ. ಕಣ್ಣಿಗೆ ಕಾಣದಷ್ಟು ತೆಳುವಾದರೂ ಉಪಕರಣ ಅದನ್ನು ಗುರುತಿಸುತ್ತದೆ, ಬಳಸುವ ಪ್ರಮಾಣದಲ್ಲಿ ಕುಡಿಯುವವರಿಗೆ ಅಪಾಯವಿಲ್ಲ. ಸಣ್ಣ ಚೀಲಗಳಲ್ಲಿ ಇದ್ದಿಲು ತುಂಬಿ ಸುತ್ತಲಿನ ಚಿಲುಮೆಗಳಲ್ಲಿ ಕಟ್ಟಿಟ್ಟರೆ, ಹಾದುಹೋಗುವ ಬಣ್ಣವನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ದಿನಕ್ಕೊಮ್ಮೆ ಚೀಲ ಬದಲಿಸಿದರೆ ಯಾವ ನೀರು ಎಲ್ಲಿಗೆ ಎಷ್ಟು ದಿನದಲ್ಲಿ ಬಂತು ಎಂಬ ನಕ್ಷೆ ಸಿದ್ಧವಾಗುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಊರವರ ಜೊತೆ ಸೇರಿ ಮಾಡಬಹುದಾದ ಕೆಲಸ ಇದು. ಹಿಮ ಕರಗುವಾಗ ಒಮ್ಮೆ, ಹೊಳೆ ಸೊರಗಿದಾಗ ಒಮ್ಮೆ ಮಾಡಬೇಕು, ಯಾಕೆಂದರೆ ನೀರು ಏರಿದಾಗ ಹಿಡಿಯುವ ದಾರಿ ಇಳಿದಾಗ ಹಿಡಿಯುವ ದಾರಿಯೇ ಆಗಿರಬೇಕಿಲ್ಲ. ಆ ನಕ್ಷೆ ಶ್ರೀನಗರದ ಕಚೇರಿಯ ಬೀರುವಿನಲ್ಲಿ ಅಲ್ಲ, ಮೇಲಿನ ಹಳ್ಳಿಗಳ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ಕುಳಿಯ ಹತ್ತಿರದ ತೋಟಕ್ಕೆ ಔಷಧಿ ಹೊಡೆಯುವ ದಿನ, ಶೌಚಗುಂಡಿ ತೋಡುವ ಜಾಗ, ಜಲ್ಲಿ ಎತ್ತುವ ಪರವಾನಗಿ, ಮೊದಲ ಮಳೆಗೆ ಪಂಪು ನಿಲ್ಲಿಸಬೇಕಾದ ಗಂಟೆ ಇವೆಲ್ಲ ಅದನ್ನು ನೋಡಿ ನಿರ್ಧಾರವಾಗಬೇಕು. ಕಲಬುರಗಿ ಜಿಲ್ಲೆಯಲ್ಲಿ ಸುಣ್ಣದಕಲ್ಲು ತೆಗೆದು ಬಿಟ್ಟ ಗಣಿಗುಂಡಿಗೆ ಊರಿನ ಕಸ ಸುರಿಯಬಹುದೇ ಎಂದು ಯಾರಾದರೂ ಕೇಳಿದಾಗಲೂ, ಮೊದಲು ಮಾಡಬೇಕಾದ್ದು ಇದೇ ಪರೀಕ್ಷೆ.